ಬಿದ್ದ ಮರದ ಪಾಲು

"ಆ ದೊಡ್ಡ ಮರ ತಾನಾಗಿ ಬಿದ್ರೆ ದಿಮ್ಮಿ ನಿಂಗೇ ಅಣ್ಣಾ, ನನ್ನಾಣೆ" ಎಂದು ಮಾತು ಕೊಟ್ಟಾಗ ತಂಗಿ ಕಾಡಿನ ಮರ ಅಳೆಯುವ ಕೆಲಸಕ್ಕೆ ಸೇರಿ ತಿಂಗಳೂ ತುಂಬಿರಲಿಲ್ಲ. ಬಡಗಿ ಅಣ್ಣ ಅದನ್ನೇ ನೆಚ್ಚಿ ಕೂತ. ಊರಿಗೆಲ್ಲ ಬಾಗಿಲು ಕೂರಿಸಿದವನು ತನ್ನ ಮನೆಗೆ ಮಾತ್ರ ಪ್ಲೈವುಡ್ ತುಂಡೊಂದನ್ನು ಅಡ್ಡ ಇಟ್ಟು, "ನಮ್ಮ ಬಾಗಿಲು ಇನ್ನೂ ಬೆಳೀತಾ ಇದೆ" ಎಂದು ನಗುತ್ತಿದ್ದ. ಅತ್ತಿಗೆ ಆ ಮಾತಿಗೆ ನಗುವುದನ್ನು ಯಾವತ್ತೋ ಬಿಟ್ಟಿದ್ದಳು.

ಮೊನ್ನೆಯ ಬಿರುಗಾಳಿಗೆ ಮರ ಬುಡಸಮೇತ ಉರುಳಿತು. ಸಾಗಿಸುವುದೋ ಬಿಡುವುದೋ ಎಂಬುದನ್ನು ಮೇಲಧಿಕಾರಿಗಳು ತಂಗಿಗೇ ಬಿಟ್ಟರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಣ್ಣ ಟ್ರ್ಯಾಕ್ಟರ್ ಗೊತ್ತುಮಾಡಿಕೊಂಡು ಬಂದೇಬಿಟ್ಟ.

ಅವಳು ಆಗಲೇ ಬಿದ್ದ ಕಾಂಡಕ್ಕೆ ಟೇಪು ಹಿಡಿದಿದ್ದಳು. ಕಾಡು ಎಷ್ಟು ಇಂಗಾಲ ಹಿಡಿದಿಟ್ಟಿದೆ ಎಂದು ತಿಳಿಯಲು ನಿಂತ ಮರದಂತೆ ಬಿದ್ದ ಮರವನ್ನೂ, ಅದು ಮಣ್ಣಾಗುವವರೆಗೆ ವರ್ಷವರ್ಷವೂ ಅಳೆಯುವುದು ಅವಳ ಕೆಲಸದ ಪದ್ಧತಿ.

"ಸತ್ತವ್ರಿಗೂ ಅಂಗಿ ಅಳತೆ ತಗೊಳ್ಳೋ ದರ್ಜಿ ಕಣೇ ನೀನು," ಎಂದ ಅಣ್ಣ.

"ಅಣ್ಣಾ, ಇದು ಇಲ್ಲೇ ಇರ್ಲಿ."

"ಇಲ್ಲಿದ್ರೆ ಗೆದ್ದಲು ತಿಂದು ಮುಗಿಸುತ್ತೆ. ಗೆದ್ದಲು ತಿಂದ್ರೆ ಸರಿ, ಅಣ್ಣ ಒಯ್ದ್ರೆ ತಪ್ಪಾ? ನಾನು ಬಾಗಿಲು ಮಾಡಿದ್ರೆ ನಿನ್ನ ಇಂಗಾಲ ನನ್ನ ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿರುತ್ತೆ."

ಮಾತು ಸುಳ್ಳಲ್ಲ. ಅವಳು ಟೇಪು ಸುತ್ತಿಟ್ಟಳು.

"ಬಾಗಿಲಾಗೋದು ಎಷ್ಟು? ಅರ್ಧಕ್ಕರ್ಧ ಹೊಟ್ಟು, ಚಕ್ಕೆ, ಆಮೇಲೆ ಒಲೆಗೆ. ಗೆದ್ದಲು ತಿಂದಿದ್ರಲ್ಲಿ ಒಂದಿಷ್ಟಾದ್ರೂ ಮಣ್ಣಿಗೆ ಸೇರುತ್ತೆ. ಅದೂ ಹೋಗ್ಲಿ, ನಿನ್ನ ಟ್ರ್ಯಾಕ್ಟರ್ ಎಲ್ಲಿಂದ ಬರ್ಬೇಕು, ನೋಡು."

ಇಳಿಜಾರು ಬಿಟ್ಟರೆ ಬೇರೆ ದಾರಿಯಿಲ್ಲ. ಯಾರೋ ಎಸೆದ ಸಿಗರೇಟಿನ ಕಿಡಿಗೆ ಹಿಂದಿನ ಬೇಸಿಗೆಯಲ್ಲಿ ಸುಟ್ಟುಹೋಗಿದ್ದ ಜಾಗ ಅದು. ಈಗ ಅಲ್ಲಿ ಮೊಣಕಾಲೆತ್ತರದ ಸಸಿಗಳು ಒತ್ತೊತ್ತಾಗಿ ಎದ್ದಿದ್ದವು.

ಅಣ್ಣ ನೋಡಿದ. ಆದರೂ ಕೇಳಿದ: "ಹಾಗಾದ್ರೆ ಕೊಟ್ಟ ಮಾತು?"

"ಕೊಟ್ಟಾಗ ಈ ಕೆಲಸ ಏನಂತಾನೇ ನಂಗೆ ಗೊತ್ತಿರ್ಲಿಲ್ಲ ಅಣ್ಣಾ."

"ಅದನ್ನ ನಿಮ್ಮತ್ತಿಗೆಗೆ ನೀನೇ ಬಂದು ಹೇಳು. ನಂಗೆ ರಾತ್ರಿ ಊಟ ಬೇಕು," ಎಂದವನೇ ಕೆಳಗೆ ಕಾಯುತ್ತಿದ್ದ ಟ್ರ್ಯಾಕ್ಟರಿನವನಿಗೆ ವಾಪಸು ಹೋಗುವಂತೆ ಕೈಬೀಸಿದ. ಇಳಿಯುವಾಗ ತಿರುಗಿಯೂ ನೋಡಲಿಲ್ಲ.

ಅವಳು ಬಿಳಿ ಬಣ್ಣ ಅದ್ದಿ ಕಾಂಡದ ಮೇಲೆ 'ತೆಗೆಯಬಾರದು' ಎಂದು ಬರೆದಳು. ಅಣ್ಣನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.