ಕಾವಲು ಕಂಡ ಅರ್ಜಿ

ಸಿರುಗುಪ್ಪದ ಬಸ್ ನಿಲ್ದಾಣದ ಎದುರು ಆನ್‌ಲೈನ್ ಸೆಂಟರ್ ಇಟ್ಟಿದ್ದ ನಂದಿನಿ ದಿನಕ್ಕೆ ನೂರು ಸಲ ಇನ್ನೊಬ್ಬರ ಪರವಾಗಿ 'ಒಪ್ಪಿಗೆ ಇದೆ' ಎಂದು ಒತ್ತುವವಳು. ಪಹಣಿಗೆ ಬಂದವರು, ಪಿಂಚಣಿಗೆ ಬಂದವರು, ಯಾರೂ ಷರತ್ತು ಕೇಳುವುದಿಲ್ಲ. ಅವಳೂ ಓದಿ ಹೇಳುವುದಿಲ್ಲ. ಓದುತ್ತ ಕೂತರೆ ಸಾಲು ಮುಂದೆ ಸರಿಯುವುದುಂಟೆ? ಈ ಚಾಳಿ ಕಡೆಗೆ ಇಬ್ಬರ ಕುತ್ತಿಗೆಗೆ ಬಂತು.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವಳು ಅದೇ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದಳು. ಮೂವತ್ತು ದಾಟಿದ ಹೆಂಗಸಿಗೆ ಇದೆಲ್ಲ ಬೇಕೆ ಎಂದು ಮೂಗು ಮುರಿಯುವವರು ಅವಳ ಗುರಿ ನೋಡಿಲ್ಲ. ಬಳ್ಳಾರಿಯ ಹುಲಿಗೇಶ್ ಆನ್‌ಲೈನ್ ಪಂದ್ಯಾವಳಿ ಏರ್ಪಡಿಸಿದಾಗ ಹೆಸರು ಕೊಟ್ಟಳು. ಮೋಸ ತಡೆಯಲೆಂದು ಆಟಗಾರರೆಲ್ಲ ಒಂದು ಕಾವಲು ಸಾಫ್ಟ್‌ವೇರ್ ಹಾಕಿಕೊಳ್ಳಲೇಬೇಕಿತ್ತು. ಅದು ಕಂಪ್ಯೂಟರ್ ಜೊತೆಗೇ ಎದ್ದು, ಪರದೆಯ ಮೇಲಿದ್ದುದನ್ನೆಲ್ಲ ಆಗಾಗ ಚಿತ್ರ ತೆಗೆದು ಪಂದ್ಯಾವಳಿ ನಡೆಸುವವರಿಗೆ ಕಳಿಸುತ್ತದೆ ಎಂದು ಷರತ್ತಿನಲ್ಲಿ ಬರೆದೇ ಇತ್ತು. ನಂದಿನಿ ಎಂದಿನಂತೆ ಒಪ್ಪಿಗೆ ಒತ್ತಿದಳು.

ಶನಿವಾರ ಎರಡು ಸುತ್ತುಗಳ ನಡುವೆ ರಶ್ಮಿ ಮತ್ತು ಭೀಮರಾಜ ಬಂದರು. ಜಾತಿ ಮೀರಿ ಮದುವೆಯಾಗಿ ಹನ್ನೊಂದು ದಿನವಾಗಿತ್ತು. ರಶ್ಮಿಯ ಅಣ್ಣ ಚನ್ನಬಸವರಾಜ, ಕುರುಗೋಡಿನಲ್ಲಿ ಬೀಜ-ಗೊಬ್ಬರದ ಅಂಗಡಿಯವನು, ಇಬ್ಬರನ್ನೂ ಉಳಿಸುವುದಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಪೊಲೀಸ್ ರಕ್ಷಣೆ ಕೋರುವ ಅರ್ಜಿ ಬೇಕಿತ್ತು. ನಂದಿನಿ ಆಟ ಮುಚ್ಚಿ ಟೈಪ್ ಮಾಡಲು ಕೂತಳು. 'ಹಾಲಿ ವಾಸ: ಹುಲುಗಮ್ಮನವರ ಮನೆ, ಕೆಂಚನಗುಡ್ಡ' ಎಂಬಲ್ಲಿಗೆ ಬಂದಾಗ ರಶ್ಮಿ ಅವಳ ಕೈ ಹಿಡಿದು, ಭೀಮರಾಜನ ಸೋದರತ್ತೆಯ ಮನೆಯಲ್ಲಿದ್ದೇವೆಂದು ಯಾರಿಗೂ ತಿಳಿಯಬಾರದು ಎಂದಳು. ನನ್ನ ಅಂಗಡಿಯ ಮಾತು ಹೊಸ್ತಿಲು ದಾಟುವುದಿಲ್ಲವೆಂದು ನಂದಿನಿ ಎದೆ ತಟ್ಟಿ ಹೇಳಿದಳು. ಸೋಮವಾರ ಬಳ್ಳಾರಿಯ ಎಸ್‌ಪಿ ಕಚೇರಿಗೆ ಒಯ್ದು ಕೊಡುತ್ತೇವೆಂದು ಅರ್ಜಿ ಮಡಿಚಿಟ್ಟುಕೊಂಡು ಇಬ್ಬರೂ ಕೆಂಚನಗುಡ್ಡಕ್ಕೆ ಮರಳಿದರು.

ಒಂದು ತಾಸಿನ ಮೇಲೆ ನಂದಿನಿ ಫೋನಿನಲ್ಲಿ ಪಂದ್ಯಾವಳಿಯ ವಾಟ್ಸಾಪ್ ಗುಂಪು ತೆರೆದಳು. ಯಾರೋ ಪಕ್ಷಪಾತದ ಗುಲ್ಲೆಬ್ಬಿಸಿದ್ದರಿಂದ, ಮೋಸವಿಲ್ಲವೆಂದು ತೋರಿಸಲು ಹುಲಿಗೇಶ್ ಎಲ್ಲರ ಪರದೆಯ ಚಿತ್ರಗಳನ್ನೂ ಅಲ್ಲಿ ಹಾಕಿಬಿಟ್ಟಿದ್ದ. ನಂದಿನಿಯ ಹೆಸರಿನ ಕೆಳಗೆ ಆಟವಿರಲಿಲ್ಲ, ಅರ್ಜಿಯಿತ್ತು. ಹೆಸರು, ವಿಳಾಸ, ಒಂದಕ್ಷರವೂ ಮಸುಕಾಗಿರಲಿಲ್ಲ. ಆಟ ಮುಚ್ಚಿದರೆ ಕಾವಲೂ ಮಲಗುತ್ತದೆಂದು ತಿಳಿದಿದ್ದಳು ಪುಣ್ಯಾತ್ಗಿತ್ತಿ. ಆ ಗುಂಪಿನಲ್ಲಿ ಮೋಕದವರಿದ್ದರು, ಬಳ್ಳಾರಿಯವರಿದ್ದರು. ಕುರುಗೋಡಿನವನೊಬ್ಬ ಆಗಲೇ ಚಿತ್ರದ ಕೆಳಗೆ ಬರೆದಿದ್ದ: 'ಇಕಿ ಚನ್ನಬಸಣ್ಣನ ತಂಗಿ ಅಲ್ಲೇನು? ಅಣ್ಣಗ ಕಳಿಸೀನಿ.'

ಹುಲಿಗೇಶ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಅವನು ಗಾಬರಿಯಾಗಿ ಚಿತ್ರ ಅಳಿಸಿದ; ಆದರೆ ನೀವೇ ಒಪ್ಪಿಗೆ ಕೊಟ್ಟಿದ್ದಿರಲ್ಲ ಎಂದೂ ಸೇರಿಸಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಕುರುಗೋಡಿನಿಂದ ಕೆಂಚನಗುಡ್ಡಕ್ಕೆ ಕಾರಿನಲ್ಲಿ ಹೆಚ್ಚೆಂದರೆ ಒಂದೂಕಾಲು ತಾಸು. ಕುರುಗೋಡಿನವನು ಆ ಸಾಲು ಬರೆದು ಆಗಲೇ ಅರ್ಧ ತಾಸು ಕಳೆದಿತ್ತು.

ಪೊಲೀಸರಿಗೆ ತಿಳಿಸಿದಳು. ಭೀಮರಾಜನಿಗೆ ಮೂರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ನಾಲ್ಕನೆಯ ಸಲಕ್ಕೆ ರಶ್ಮಿ ಎತ್ತಿದಳು.

"ಈಗಿಂದೀಗ ಮನಿ ಬಿಡ್ರಿ," ಎಂದಳು ನಂದಿನಿ. "ನಿಮ್ಮ ಅಣ್ಣಗ ನೀವಿರೋ ಜಾಗ ಗೊತ್ತಾಗೈತಿ. ನನ್ನಿಂದನ ಗೊತ್ತಾಗೈತಿ."

ಆ ಕಡೆ ಓಡಾಟದ ಸದ್ದು, ಹುಲುಗಮ್ಮನ ಅಳು, ಬೈಕ್ ಶುರುವಾದದ್ದು, ಎಲ್ಲ ಕೇಳಿಸಿತು. ನಂದಿನಿ ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದಳು. ಎಲ್ಲಿಗೆ ಹೋಗುತ್ತೀರಿ, ಪೊಲೀಸರನ್ನು ಅಲ್ಲಿಗೇ ಕಳಿಸುತ್ತೇನೆ ಎಂದು ಅಂಗಲಾಚಿದಳು.

"ಅದನ್ನ ನಿಮಗ ಹೇಳಂಗಿಲ್ರಿ ಅಕ್ಕ."

ರಶ್ಮಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅವಳೀಗ ಅಣ್ಣನಿಗೆ ಹೆದರುವಷ್ಟೇ ತನಗೂ ಹೆದರುತ್ತಾಳೆ ಎಂದು ನಂದಿನಿಗೆ ತಿಳಿಯಿತು.

"ಹೇಳಬ್ಯಾಡವ್ವ," ಎಂದಳು. "ಯಾರಿಗೂ ಹೇಳಬ್ಯಾಡ."