ಮೇಸ್ತ್ರಿಯ ದಾರಿಯಲ್ಲಿದ್ದ ಬೀರು

ಪೀಠೋಪಕರಣದ ಅಂಗಡಿ ಯಜಮಾನನಿಗೆ ಒಂದು ಚಟವಿತ್ತು. ಪ್ರತಿ ಸೋಮವಾರ ಸಾಮಾನುಗಳ ಜಾಗ ಬದಲಿಸುವುದು. ಬಾಗಿಲಲ್ಲಿದ್ದ ಸೋಫಾ ಮೂಲೆಗೆ, ಮೂಲೆಯಲ್ಲಿದ್ದ ಮಂಚ ಬಾಗಿಲಿಗೆ. ಹಾಗೆ ಮಾಡಿದರೆ ಹಳೇ ಮಾಲಿಗೆ ಹೊಸ ಕಳೆ ಬರುತ್ತದೆಂದು ಅವನ ನಂಬಿಕೆ. ಅವನ ನಾಯಿಗೆ ಮೇಸ್ತ್ರಿ ಎಂದು ಹೆಸರು. ಸಾಮಾನು ಎತ್ತುವಾಗಲೆಲ್ಲ ಎದುರು ನಿಂತು ನೋಡದಿದ್ದರೆ ಅದಕ್ಕೆ ಸಮಾಧಾನವೇ ಇಲ್ಲ.

ಅಂಥ ಮೇಸ್ತ್ರಿ ಒಂದು ಬೆಳಿಗ್ಗೆ ಎದ್ದು ಹೋಗಿ ಊಟದ ಮೇಜಿಗೆ ಢಿಕ್ಕಿ ಹೊಡೆಯಿತು. ಗಾಬರಿಯಿಂದ ಹಿಂದೆ ಸರಿದು ಕುರ್ಚಿಗೂ ಹೊಡೆಯಿತು.

"ನಿನ್ನ ಸೋಮವಾರದ ಹುಚ್ಚಿಗೆ ನಾಯಿಗೂ ತಲೆ ಕೆಟ್ಟಿದೆ ನೋಡೋ," ಎಂದಳು ಅಂಗಡಿಯಲ್ಲಿ ಪಾಲಿದ್ದ ಅವನ ಅಕ್ಕ.

ತಲೆ ನೆಟ್ಟಗೇ ಇತ್ತು. ಪಶುವೈದ್ಯೆ ಅದರ ಮೂಗಿನ ಮುಂದೆ ಹತ್ತಿಯ ಉಂಡೆ ಬೀಳಿಸಿದರು. ಮೇಸ್ತ್ರಿಗೆ ಗೊತ್ತೇ ಆಗಲಿಲ್ಲ. ಕಣ್ಣೊಳಗೆ ಬೆಳಕು ಬಿಟ್ಟು, ಯಂತ್ರವಿಟ್ಟು ನೋಡಿದರು.

"ಕಣ್ಣಿನ ಹಿಂದಿನ ಪರದೆ ಕೆಲಸ ನಿಲ್ಲಿಸಿಬಿಟ್ಟಿದೆ. ಕೆಲವು ನಾಯಿಗಳಿಗೆ ಹೀಗೆ ಇದ್ದಕ್ಕಿದ್ದ ಹಾಗೆ ಆಗತ್ತೆ. ನೋವಿಲ್ಲ, ಆದ್ರೆ ನೋಟ ವಾಪಸ್ ಬರಲ್ಲ. ದಾರಿ ಕಲ್ತ್ಕೊಳ್ಳತ್ತೆ ಬಿಡಿ. ನೀವು ಮಾತ್ರ ಸಾಮಾನು ಕದಲಿಸ್ಬೇಡಿ."

ಯಜಮಾನ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೊದಮೊದಲು ಮೂಲೆ ಬಿಟ್ಟು ಏಳದಿದ್ದ ಮೇಸ್ತ್ರಿ ಬರಬರುತ್ತಾ ಸೋಫಾ ಸವರಿ, ದೊಡ್ಡ ಬೀರುವಿಗೆ ಭುಜ ತಾಗಿಸಿ, ಅಲ್ಲಿ ಎಡಕ್ಕೆ ತಿರುಗಿ ನೀರಿನ ಬಟ್ಟಲು ಮುಟ್ಟುವುದನ್ನು ಕಲಿಯಿತು. ಅಂಗಡಿಯ ವ್ಯಾಪಾರ ಅಲ್ಲಿಗೆ ನಿಂತಿತು.

"ಈ ಸೋಫಾ ಕೊಡ್ತೀರಾ?"

"ಆಗಲ್ಲ ತಾಯಿ, ದಾರಿ ಅಲ್ಲಿಂದಾನೇ ಶುರು."

"ಆ ಸ್ಟೂಲು?"

"ಅದರ ಹತ್ರ ನಿಂತು ನಮ್ಮ ಮೇಸ್ತ್ರಿ ಸುಧಾರಿಸ್ಕೊಳ್ಳತ್ತೆ."

"ಮತ್ತೆ ನೀವು ಮಾರೋದೇನು?"

"ಗೋಡೆ ಗಡಿಯಾರ ತಗೊಳ್ಳಿ. ಅದು ಎತ್ತರದಲ್ಲಿದೆ."

ಅಕ್ಕನ ತಾಳ್ಮೆ ಕೆಟ್ಟಿತು. ತಮ್ಮ ಕ್ಷೌರಕ್ಕೆ ಹೋದ ಹೊತ್ತು ನೋಡಿ ಆ ಬೀರುವನ್ನು ಒಬ್ಬ ದರ್ಜಿಗೆ ಮಾರಿದಳು. ತಮ್ಮ ಮರಳಿದಾಗ ಹಮಾಲರು ಬೀರು ಹೊತ್ತು ಹೊಸ್ತಿಲು ದಾಟುತ್ತಿದ್ದರು. ಒಳಗೆ ಮೇಸ್ತ್ರಿ ಬಾಯಾರಿ ಎದ್ದು, ಆಗಲೇ ಸೋಫಾ ಸವರುತ್ತಿತ್ತು. ಇವತ್ತು ಬೀರು ಸಿಗದೆ ಹೋದರೆ ಅದು ಮತ್ತೆ ಮೂಲೆ ಸೇರಿ ಏಳುವುದೇ ಇಲ್ಲವೆಂದು ಯಜಮಾನನಿಗೆ ಭಯವಾಯಿತು. ಓಡಿಹೋಗಿ ಬೀರುವಿನ ಜಾಗದಲ್ಲಿ ಕೈಗಳನ್ನು ಮೈಗೆ ಬಿಗಿಹಿಡಿದು ನೆಟ್ಟಗೆ ನಿಂತ.

"ಏನೋ ಇದು ವೇಷ?" ಎಂದಳು ಅಕ್ಕ.

"ಸುಮ್ನಿರೇ. ಬೀರು ಮಾತಾಡಲ್ಲ."

ಮೇಸ್ತ್ರಿ ಬಂತು. ಮೂಗು ಅವನ ಮೊಣಕಾಲಿಗೆ ತಗುಲಿತು. ವಾರ್ನಿಷ್ ವಾಸನೆಯ ಬದಲು ಕ್ಷೌರದಂಗಡಿಯ ಸೋಪು, ಪರಿಚಿತ ಬೆವರು. ಬಾಲ ಬೀಸಿದ್ದೇ ಬೀಸಿದ್ದು. ಎಡಕ್ಕೆ ತಿರುಗುವುದು ಹಾಗಿರಲಿ, ಅವನ ಪಾದದ ಮೇಲೇ ಕೂತುಬಿಟ್ಟಿತು.

"ಹಾಂ, ಬೀರು ಸಿಕ್ತು. ಈಗ ನೀರು ಯಾರು ಕುಡೀತಾರೆ? ನೀನೇ ಕುಡಿ," ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಯಜಮಾನ ಉಪಾಯ ಕಾಣದೆ ಕಾಲೆಳೆದು ಒಂದು ಹೆಜ್ಜೆ ಇಟ್ಟ. ಮೇಸ್ತ್ರಿ ಎದ್ದು ಅವನ ಮೀನಖಂಡಕ್ಕೆ ಭುಜ ಒತ್ತಿ ತಾನೂ ಹೆಜ್ಜೆ ಇಟ್ಟಿತು. ಹಮಾಲರು ಅಡ್ಡಡ್ಡ ಎಳೆದುಹೋಗಿದ್ದ ಕುರ್ಚಿಗಳ ನಡುವೆ ಅವನು ಬಾಗಿದಂತೆ ಬಾಗಿತು. ಒಂದಕ್ಕೂ ತಾಗಲಿಲ್ಲ.

ಅಕ್ಕ ಬಾಯಿ ತೆರೆದು ನೋಡಿದಳು. "ಹಾಗಾದ್ರೆ ಸೋಫಾನೂ ಕಳಿಸ್ಲೇನೋ?"

"ಕಳಿಸೋವಂತೆ, ತಡಿ," ಎಂದ ಅವನು ಪಿಸುದನಿಯಲ್ಲಿ, ನೀರಿನ ಬಟ್ಟಲಿನಿಂದ ಕಣ್ಣು ತೆಗೆಯದೆ. "ನಾವಿನ್ನೂ ದಾರೀಲಿದ್ದೀವಿ."