ಮೂರನೆಯ ಗುಬ್ಬಿ

ಮೂರನೆಯ ಗುಬ್ಬಿ ನೀರಿನ ಬಟ್ಟಲಿನ ಪಕ್ಕದಲ್ಲೇ ಬಿದ್ದಿತ್ತು. ಉದುರಿದ ಎಲೆಗಳ ನಡುವೆ ಅದೂ ಒಂದು ಎಲೆಯೆಂದುಕೊಂಡು ಅಜ್ಜಿ ಪೊರಕೆ ಆಡಿಸಿದಳು. ಕಡ್ಡಿಗೆ ಸಿಕ್ಕಿ ಅದು ಮಗುಚಿಕೊಂಡಾಗ ಹೊಟ್ಟೆಯ ಮಾಸಲು ಬಿಳುಪು ಕಂಡಿತು. ಗಾಯವಿಲ್ಲ, ರಕ್ತವಿಲ್ಲ. ಮೊದಲನೆಯದು ಸಿಕ್ಕಾಗ ಬೆಕ್ಕಿನ ಕೆಲಸ ಅಂದುಕೊಂಡಿದ್ದಳು. ಎರಡನೆಯದನ್ನೂ ಬೆಕ್ಕಿನ ತಲೆಗೇ ಕಟ್ಟಿದ್ದಳು. ಬೆಕ್ಕು ಹಿಡಿದ ಹಕ್ಕಿ ಹೀಗೆ ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು ಸಾಯುವುದಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳಲೇಬೇಕಾಯಿತು. ಅದರ ಮೇಲೆ ಬಕೆಟ್ ಕವುಚಿಟ್ಟು ದೂರ ಸರಿದು ನಿಂತಳು.

ಸತ್ತ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಕ್ಕಿಜ್ವರ ಹರಡುತ್ತಿದೆ ಎಂದು ಹಿಂದಿನ ದಿನವಷ್ಟೇ ರೇಡಿಯೊದಲ್ಲಿ ಹೇಳಿದ್ದರು. ಮುಂದಿನದನ್ನು ಕೇಳಲಾಗದೆ ಅಜ್ಜಿ ರೇಡಿಯೊ ಆರಿಸಿದ್ದಳು.

ಮೂವತ್ತೆರಡು ವರ್ಷ ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿದ ಕೈ ಅವಳದು, ಸುಮ್ಮನೆ ಕೂತು ಗೊತ್ತಿಲ್ಲ. ಮಗಳು ಬಸ್ಸು ಓಡಿಸುತ್ತಿದ್ದಳು. ಬೆಳಗ್ಗೆ ಆರಕ್ಕೇ ಅವಳು ಹೊರಟುಹೋದರೆ ಆರು ವರ್ಷದ ಮೊಮ್ಮಗಳು ಚಿಟ್ಟಿ ಪೂರ್ತಿ ಅಜ್ಜಿಯ ಪಾಲು. ಈ ಸಲ ಎಲೆ ಹಣ್ಣಾಗತೊಡಗಿದ ವಾರವೇ ಅಜ್ಜಿ ಮೊಮ್ಮಗಳು ಸೇರಿ ಒಂದು ಪುಸ್ತಕ ಹೊಲಿದಿದ್ದರು. ಪುಟಕ್ಕೊಂದು ಹಕ್ಕಿ. ಹಿತ್ತಿಲ ಮೆಟ್ಟಿಲ ಮೇಲೆ ಒಂದೇ ಶಾಲು ಹೊದ್ದು ಕೂತು ಬಟ್ಟಲಿಗೆ ಯಾರು ಯಾರು ಬರುತ್ತಾರೆಂದು ನೋಡುವುದು, ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಕೆಂಪೆಲೆ, ಹಳದಿ ಎಲೆ ಕತ್ತರಿಸಿ ಅಂಟಿಸಿ ಅದೇ ಹಕ್ಕಿಯನ್ನು ಮಾಡುವುದು. ಕತ್ತು ಆಡಿಸುತ್ತ ಗಂಭೀರವಾಗಿ ಓಡಾಡುವ ಪಾರಿವಾಳಕ್ಕೆ ಚಿಟ್ಟಿ ‘ಹೆಡ್‌ಮಾಸ್ತರು’ ಎಂದು ಹೆಸರಿಟ್ಟಿದ್ದಳು. ಕಂಡವರ ಕಾಳು ಕಸಿಯುವ ಗುಬ್ಬಿ ‘ಜಗಳಗಂಟಿ’.

ಎರಡನೆಯ ಗುಬ್ಬಿಯನ್ನು ಮೊದಲು ಕಂಡವಳು ಚಿಟ್ಟಿಯೇ. ಅಜ್ಜಿ ಬರುವಷ್ಟರಲ್ಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಿಸಿಯುಸಿರು ಊದುತ್ತಿದ್ದಳು. “ಇದಕ್ಕೆ ಚಳಿ ಅಜ್ಜಿ.” ಇಬ್ಬರೂ ಸೇರಿ ಅದನ್ನು ಹೂತಿದ್ದರು. ಹೂಳುವ ಮೊದಲು ಪುಸ್ತಕಕ್ಕೆಂದು ಎರಡು ಗರಿ ಕಿತ್ತುಕೊಂಡಿದ್ದರು. “ಅಮ್ಮಂಗೆ ಹೇಳೋದು ಬೇಡ ಪುಟ್ಟ, ಸುಮ್ನೆ ಬೇಜಾರು ಮಾಡ್ಕೋತಾಳೆ” ಎಂದವಳು ಅಜ್ಜಿ. ಅದು ಮೂರು ದಿನದ ಹಿಂದಿನ ಮಾತು.

ಹನ್ನೊಂದೂವರೆಗೆ ಶಾಲೆಯಿಂದ ಟೀಚರ್ ಫೋನ್ ಮಾಡಿದರು. “ಮಗು ಮೈ ಕೆಂಡದ ಹಾಗೆ ಸುಡ್ತಾ ಇದೆ. ಎರಡು ಸಲ ವಾಂತಿ ಮಾಡ್ಕೊಂಡ್ಲು. ಬೇಗ ಬನ್ನಿ.”

ಅಜ್ಜಿ ಹೊರಗೋಡಿದಳು. ಚಪ್ಪಲಿ ಮೆಟ್ಟಿಕೊಂಡಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಆಸ್ಪತ್ರೆಯ ದಾರಿಯುದ್ದಕ್ಕೂ ಆಟೊದಲ್ಲಿ ಮಗು ಅವಳ ತೊಡೆಯ ಮೇಲೆ ಹಿಂಡಿದ ಬಟ್ಟೆಯ ಹಾಗೆ ಬಿದ್ದಿತ್ತು. ಅದರ ಉಸಿರು ಒಂದು ಕ್ಷಣ ತಡವಾದರೂ ಅಜ್ಜಿ ತನ್ನ ಉಸಿರು ಹಿಡಿದು ಕಾಯುತ್ತಿದ್ದಳು.

ಮಗಳು ಬಸ್ಸನ್ನು ಇನ್ನೊಬ್ಬರಿಗೆ ವಹಿಸಿ ಸಮವಸ್ತ್ರದಲ್ಲೇ ಓಡಿಬಂದಳು. ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡುತ್ತ ಕೇಳಿದರು: “ಮನೇಲಿ ನಾಯಿ, ಕೋಳಿ ಏನಾದ್ರೂ ಸಾಕಿದೀರಾ? ಯಾವುದಾದ್ರೂ ಪ್ರಾಣಿ, ಪಕ್ಷಿ ಮುಟ್ಟಿದ್ಲಾ?”

“ಏನೂ ಇಲ್ಲಪ್ಪ” ಎಂದಳು ಅಜ್ಜಿ.

ಮಾತು ಎಷ್ಟು ಸಲೀಸಾಗಿ ಹೊರಬಿತ್ತೆಂದರೆ ಅವಳಿಗೇ ದಿಗಿಲಾಯಿತು. ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದಳು. ಹೇಳಿದರೆ ಮಗಳು ಇನ್ನು ಮುಂದೆ ಮಗುವನ್ನು ತನ್ನ ಕೈಗೆ ಕೊಡಲಾರಳು. ಹೇಳದಿದ್ದರೆ? ಎದುರಿನ ಬೆಂಚಿನ ಮೇಲೆ ಯಾರದೋ ಕೂಸು ಆಕಳಿಸಿತು. ಅಷ್ಟು ಪುಟ್ಟ ಬಾಯಿ ತೆರೆದದ್ದನ್ನು ಕಂಡದ್ದೇ ಗುಬ್ಬಿಗೆ ಊದುತ್ತಿದ್ದ ಚಿಟ್ಟಿ ನೆನಪಾಗಿ ಅಜ್ಜಿ ತಿರುಗಿ ನಡೆದಳು. ಬಾಗಿಲು ತಟ್ಟುವುದನ್ನೂ ಮರೆತಳು.

“ಡಾಕ್ಟ್ರೇ, ನಾನು ಸುಳ್ಳು ಹೇಳ್ದೆ. ಮಗು ಸತ್ತ ಗುಬ್ಬೀನ ಮುಟ್ಟಿದಾಳೆ. ಬಾಯಿ ಹತ್ರ ಹಿಡ್ಕೊಂಡು ಊದಿದಾಳೆ. ಒಟ್ಟು ಮೂರು ಸತ್ತಿವೆ. ಒಂದು ಇನ್ನೂ ಅಲ್ಲೇ ಬಿದ್ದಿದೆ.”

ನರ್ಸು ಮಾಸ್ಕ್ ಮೇಲಕ್ಕೆಳೆದುಕೊಂಡಳು.

“ಯಾವತ್ತು?” ಮಗಳು ಕೇಳಿದಳು.

“ಸೋಮವಾರ.”

“ಸೋಮವಾರ” ಎಂದು ಮಗಳು ಮೆಲ್ಲಗೆ ಅದನ್ನೇ ಮತ್ತೆ ಹೇಳಿದಳು. ಬೈದಿದ್ದರೆ ಅಜ್ಜಿ ತಡೆದುಕೊಳ್ಳುತ್ತಿದ್ದಳು.

ಚಿಟ್ಟಿಯನ್ನು ಬೇರೆ ಕೋಣೆಗೆ ಹಾಕಿದರು. ಪಶುವೈದ್ಯರ ಕಚೇರಿಯವರು ಹಿತ್ತಿಲಿಗೆ ಹೋಗಿ ಬಕೆಟ್ಟಿನಡಿಯ ಗುಬ್ಬಿಯನ್ನೂ ನೀರಿನ ಬಟ್ಟಲನ್ನೂ ಚೀಲದಲ್ಲಿ ಕಟ್ಟಿ ಒಯ್ದರು. ಎರಡು ದಿನ ಅಜ್ಜಿಯೂ ಮಗಳೂ ಗಾಜಿನ ಬಾಗಿಲಿನ ಈಚೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಒಳಗಿಂದ ಯಾರಾದರೂ ಬೇಗ ಹೆಜ್ಜೆ ಹಾಕುತ್ತ ಬಂದರೆ ಇಬ್ಬರೂ ಒಟ್ಟಿಗೇ ಎದ್ದು ನಿಲ್ಲುತ್ತಿದ್ದರು. ಆ ಹೆಜ್ಜೆಗಳು ಬೇರೆ ಕೋಣೆಗೆ ತಿರುಗಿದ ಮೇಲೆ ಮತ್ತೆ ಕೂರುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ.

ಮೂರನೆಯ ದಿನ ಬೆಳಗ್ಗೆ ಡಾಕ್ಟರು ತಾವೇ ಹೊರಗೆ ಬಂದರು. ಹಕ್ಕಿಜ್ವರವಲ್ಲ. ಕೊಳಕು ನೀರಿನಿಂದ ಹಕ್ಕಿಗಳಲ್ಲಿ ಹರಡುವ ಕರುಳಿನ ಸೋಂಕು, ಮಗುವಿಗೂ ತಗುಲಿತ್ತು. ಔಷಧಿ ಹಿಡಿದಿದೆ, ಜ್ವರ ಇಳಿಯುತ್ತಿದೆ. “ಬಟ್ಟಲು ಉಜ್ಜಿ ಎಷ್ಟು ದಿನ ಆಗಿತ್ತಮ್ಮ?”

ಅಜ್ಜಿ ದಿನವೂ ನೀರು ತುಂಬಿಸುತ್ತಿದ್ದಳು, ತುಂಬಿದ್ದರ ಮೇಲೇ ತುಂಬಿಸುತ್ತಿದ್ದಳು. ಉಜ್ಜಿದ ನೆನಪಿರಲಿಲ್ಲ.

“ಗುಬ್ಬಿ ವಿಷಯ ಹೇಳಿದ್ದು ಒಳ್ಳೇದಾಯ್ತು” ಎಂದು ಡಾಕ್ಟರು ಹೊರಟುಹೋದರು.

ಒಳಗೆ ಹೋಗಲು ಬಿಡುವ ಮುನ್ನ ಕೈ ತೊಳೆಯಬೇಕಿತ್ತು. ನಲ್ಲಿಯ ಮುಂದೆ ಅಜ್ಜಿಯ ಕೈಯಿಂದ ಸೋಪು ಎರಡು ಸಲ ಜಾರಿ ಬಿತ್ತು. ಮಗಳು ಬಗ್ಗಿ ಅದನ್ನು ಎತ್ತಿಕೊಂಡಳು. ತಾಯಿಯ ಕೈಗಳನ್ನು ತನ್ನತ್ತ ಎಳೆದುಕೊಂಡು ತಿಕ್ಕತೊಡಗಿದಳು, ಒಂದೊಂದು ಬೆರಳಿನ ಸಂದಿಯನ್ನೂ, ಉಗುರಿನ ಅಡಿಯನ್ನೂ, ನೋಯುವಷ್ಟು ಬಿರುಸಾಗಿ. ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ ಕೆಮ್ಮಿದರು. ನೊರೆಯೆಲ್ಲ ಹರಿದುಹೋಯಿತು. ನೀರು ಸುರಿಯುತ್ತಲೇ ಇತ್ತು, ಮಗಳು ಇನ್ನೂ ಕೈ ಬಿಟ್ಟಿರಲಿಲ್ಲ.